ಮಾಟುಂಗದ ಖಳಪಾತ್ರ ಕಮ್ಮಟ: ಎರಡನೆಯ ದಿನಕ್ಕಾಗಿಯಾದರೂ ಹೋಗಬೇಕು

ಕತೆ ಕಾದಂಬರಿಗಳಲ್ಲಿ ಖಳಪಾತ್ರವನ್ನು ಹೇಗೆ ಕಟ್ಟಬೇಕು ಎಂಬ ಒಂದೇ ವಿಷಯವನ್ನು ಹಿಡಿದು, ಮುಂಬಯಿಯ ಕನ್ನಡ ಬರಹಗಾರರಿಗಾಗಿ ಮಾಟುಂಗದ ಬಾಡಿಗೆ ಸಭಾಂಗಣವೊಂದರಲ್ಲಿ ಈ ಮಳೆಗಾಲದಲ್ಲಿ ಎರಡು ದಿನಗಳ ಕಮ್ಮಟ ನಡೆಯಿತು. ಶುಲ್ಕ ತಲೆಗೆ 1,800 ರೂಪಾಯಿ. ಅದರಲ್ಲಿ ಎರಡು ಹೊತ್ತಿನ ಚಹಾ, ಮಧ್ಯಾಹ್ನದ ಊಟ, ಒಂದು ಟಿಪ್ಪಣಿ ಪುಸ್ತಿಕೆ ಹಾಗೂ ಕಮ್ಮಟ ಮುಗಿದ ಬಳಿಕ ಪ್ರತಿಯೊಬ್ಬ ಶಿಬಿರಾರ್ಥಿಯ ಒಂದು ಕತೆಯನ್ನು ಓದಿ ಅಭಿಪ್ರಾಯ ಬರೆದು ಕಳುಹಿಸುವ ಸೇವೆ ಸೇರಿತ್ತು. ಕನ್ನಡದಲ್ಲಿ ಕಥಾ ಕಮ್ಮಟಗಳಿಗೆ ಕೊರತೆಯೇನೂ ಇಲ್ಲವಾದರೂ, ಇಡೀ ಕಮ್ಮಟವನ್ನು ಒಂದು ಪಾತ್ರವರ್ಗಕ್ಕೆ ಮೀಸಲಿಡುವುದು ಅಪರೂಪ. ಆ ಕಾರಣಕ್ಕೇ ಹೆಸರು ನೋಂದಾಯಿಸಿದವರಲ್ಲಿ ನಾನೂ ಒಬ್ಬ. ಮೊದಲ ದಿನ ಸಾಧಾರಣವಾಗಿತ್ತು, ಎರಡನೆಯ ದಿನ ಕೊಟ್ಟ ಹಣಕ್ಕಿಂತ ಹೆಚ್ಚಿನದನ್ನು ಕೊಟ್ಟಿತು ಎಂಬುದು ನನ್ನ ತೀರ್ಮಾನ. ಅದರ ಕಾರಣಗಳನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಮೊದಲ ದಿನದ ಕೊರತೆ ಈ ಒಂದು ಕಮ್ಮಟದ್ದು ಮಾತ್ರವಲ್ಲ. ಕತೆ ಬರೆಯುವುದನ್ನು ಕಲಿಸುವ ಬಹುತೇಕ ಕಡೆಗಳಲ್ಲಿ ಈಗ ಅದೇ ಪಾಠ ನಡೆಯುತ್ತಿದೆ.

ಬಂದಿದ್ದವರು ಮುಂಬಯಿ ಕನ್ನಡ ಲೋಕದ ಒಳ್ಳೆಯ ಮಾದರಿಯಂತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಶಾಲಾ ಶಿಕ್ಷಕಿಯರು, ಹೋಟೆಲು ಉದ್ಯಮದಲ್ಲಿ ಆಯುಷ್ಯ ಕಳೆದು ಈಗ ಬರೆಯಲು ಬಿಡುವು ಮಾಡಿಕೊಂಡವರು, ಇಲ್ಲಿಯೇ ಹುಟ್ಟಿ ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿ ಕನ್ನಡವನ್ನು ಮನೆಯ ಮಾತಿನಿಂದ ಕಲಿತ ತರುಣರು ಎಲ್ಲರೂ ಇದ್ದರು. ಕರಾವಳಿಯವರೇ ಹೆಚ್ಚಾಗಿದ್ದುದರಿಂದ ಚಹಾದ ಹೊತ್ತಿನ ಮಾತು ಬಹುಪಾಲು ತುಳುವಿನಲ್ಲಿಯೇ ಸಾಗಿತು. ಪ್ರತಿಯೊಬ್ಬರೂ ತಾವು ಬರೆಯುತ್ತಿರುವ ಕತೆಯ ಖಳನನ್ನು ಒಂದು ಪುಟದಲ್ಲಿ ಪರಿಚಯಿಸಿಕೊಂಡು ಬರಬೇಕೆಂದು ಮುಂಚೆಯೇ ತಿಳಿಸಲಾಗಿತ್ತು, ಮತ್ತು ಬಹುತೇಕ ಮಂದಿ ತಂದಿದ್ದರು. ಇದು ಒಳ್ಳೆಯ ಏರ್ಪಾಡು. ಬರಿಗೈಯಲ್ಲಿ ಬಂದವರಿಗೆ ಖಳನ ಕುರಿತು ಉಪನ್ಯಾಸ ಮಾಡುವುದಕ್ಕಿಂತ, ಕೈಯಲ್ಲಿ ಒಬ್ಬ ಅರೆಬೆಂದ ಖಳನನ್ನು ಹಿಡಿದು ಕೂತವರಿಗೆ ಹೇಳಿಕೊಡುವುದು ಹೆಚ್ಚು ಫಲಕಾರಿ.

ಮೊದಲ ದಿನದ ಬೆಳಗ್ಗೆ ಎಲ್ಲರಿಗೂ ಒಂದು ನಮೂನೆಯನ್ನು ಹಂಚಲಾಯಿತು. ಖಳನ ಹೆಸರು, ವಯಸ್ಸು, ಉದ್ಯೋಗ, ಅವನ ಬಾಲ್ಯದಲ್ಲಿ ಆದ ನೋವು, ಆ ನೋವಿನಿಂದ ಹುಟ್ಟಿದ ಭಯ, ಆ ಭಯದಿಂದ ಹುಟ್ಟಿದ ದುಷ್ಟತನ ಎಂದು ಒಂದರ ಕೆಳಗೊಂದು ಖಾಲಿ ಜಾಗಗಳು. ನಿರ್ದೇಶಕರು ಓದಿಕೊಂಡವರು, ಸಜ್ಜನರು, ಮಾತು ಚೆನ್ನಾಗಿ ಬಲ್ಲವರು. ಯಾವ ಮನುಷ್ಯನೂ ಹುಟ್ಟಾ ದುಷ್ಟನಲ್ಲ, ಅವನನ್ನು ಹಾಗೆ ಮಾಡಿದ ಗಾಯವನ್ನು ಹುಡುಕಿ ತೆಗೆಯುವುದೇ ಲೇಖಕನ ಕೆಲಸ ಎಂಬುದನ್ನು ಮನಮುಟ್ಟುವಂತೆ ವಿವರಿಸಿದರು. ಎಲ್ಲರೂ ಶ್ರದ್ಧೆಯಿಂದ ನಮೂನೆ ತುಂಬಿದರು. ಅದರ ಫಲವಾಗಿ ಮಧ್ಯಾಹ್ನದ ಹೊತ್ತಿಗೆ ಸಭಾಂಗಣದಲ್ಲಿದ್ದ ಖಳರೆಲ್ಲ ಒಬ್ಬರಿಗೊಬ್ಬರು ಅಣ್ಣತಮ್ಮಂದಿರಾಗಿಬಿಟ್ಟರು. ಕಲ್ಬಾದೇವಿಯ ಬಡ್ಡಿ ವ್ಯಾಪಾರಿಯನ್ನೂ ತಂದೆ ಹೊಡೆದಿದ್ದ, ಭಿವಂಡಿಯ ಗೋದಾಮಿನ ಮುಕಾದಮನನ್ನೂ ತಂದೆ ಹೊಡೆದಿದ್ದ, ಒಂದು ಐತಿಹಾಸಿಕ ಕತೆಯ ದಂಡನಾಯಕನನ್ನೂ ತಂದೆಯೇ ಹೊಡೆದಿದ್ದ. ಮುಂಬಯಿಯಲ್ಲಿ ಹೊಡೆತ ತಿಂದು ಬೆಳೆದ ಮಕ್ಕಳು ಲಕ್ಷಗಟ್ಟಲೆ ಇದ್ದಾರೆ. ಅವರಲ್ಲಿ ಬಹುತೇಕರು ಬೆಳಗಿನ ಲೋಕಲ್ ಹಿಡಿದು ಕೆಲಸಕ್ಕೆ ಹೋಗಿ ಸಂಜೆ ತರಕಾರಿ ಕೊಂಡು ಮನೆಗೆ ಮರಳುತ್ತಾರೆ. ಗಾಯವೊಂದೇ ಕೇಡನ್ನು ವಿವರಿಸುವಂತಿದ್ದರೆ ಈ ಊರಿನಲ್ಲಿ ನಡೆದಾಡಲು ಸಾಧ್ಯವಾಗುತ್ತಿರಲಿಲ್ಲ.

ಕಾರಣ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಕಾರಣ ಹೆಚ್ಚಾದಷ್ಟೂ ಖಳ ಚಿಕ್ಕವನಾಗುತ್ತ ಹೋಗುತ್ತಾನೆ ಎಂಬ ಅಪಾಯವನ್ನು ಆ ಬೆಳಗ್ಗೆ ಯಾರೂ ಎತ್ತಲಿಲ್ಲ. ಶೇಕ್ಸ್‌ಪಿಯರನ ಒಥೆಲೋ ನಾಟಕದ ಇಯಾಗೊ ತನ್ನ ದ್ವೇಷಕ್ಕೆ ಒಂದಲ್ಲ ಹಲವು ಕಾರಣ ಕೊಡುತ್ತಾನೆ. ತನಗೆ ಬರಬೇಕಾದ ಹುದ್ದೆ ಕ್ಯಾಸಿಯೊನ ಪಾಲಾಯಿತು ಎನ್ನುತ್ತಾನೆ, ತನ್ನ ಹೆಂಡತಿಯ ಮೇಲೆ ಒಥೆಲೋನ ಕಣ್ಣಿತ್ತೆಂಬ ಗುಮಾನಿಯನ್ನು ಹೇಳುತ್ತಾನೆ, ಮತ್ತು ಯಾವ ಕಾರಣದ ಮೇಲೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಇದನ್ನು ಇಂಗ್ಲಿಷ್ ಕವಿ ಕೋಲ್‌ರಿಜ್ ಉದ್ದೇಶವೇ ಇಲ್ಲದ ಕೇಡು ತನಗೊಂದು ಉದ್ದೇಶವನ್ನು ಹುಡುಕಿಕೊಳ್ಳುವ ಬಗೆ ಎಂದು ಗುರುತಿಸಿದ್ದು ಪ್ರಸಿದ್ಧವಾಗಿದೆ. ಕೊನೆಗೆ ಸಿಕ್ಕಿಬಿದ್ದಾಗ ಅವನು ಇನ್ನು ಒಂದು ಮಾತನ್ನೂ ಆಡುವುದಿಲ್ಲವೆಂದು ಬಾಯಿ ಮುಚ್ಚುತ್ತಾನೆ. ನಾಲ್ಕು ನೂರು ವರ್ಷ ಕಳೆದರೂ ಅವನು ನಂಬಿಕೆಗೆ ಅರ್ಹನಾಗಿ ಉಳಿದಿರುವುದು ಈ ಅರ್ಧಂಬರ್ಧ ಕಾರಣಗಳಿಂದಲ್ಲ. ನಾಟಕದೊಳಗಿನ ಜನರೆಲ್ಲರೂ ಅವನನ್ನು ಪ್ರಾಮಾಣಿಕ ಇಯಾಗೊ ಎಂದು ಮತ್ತೆ ಮತ್ತೆ ಕರೆಯುತ್ತಾರೆ, ಕಷ್ಟ ಬಂದಾಗ ಅವನ ಬಳಿಗೇ ಓಡಿಬರುತ್ತಾರೆ. ಅವನ ಬಲವಿರುವುದು ಅಲ್ಲಿ. ಖಳನನ್ನು ಓದುಗ ನಂಬುವ ಮೊದಲು ಕತೆಯ ಒಳಗಿನ ಪಾತ್ರಗಳು ನಂಬಬೇಕು. ಅವನ ಬಾಲ್ಯದ ನಮೂನೆಯನ್ನು ತುಂಬುವುದಕ್ಕಿಂತ, ಅವನನ್ನು ನೆಚ್ಚಿಕೊಂಡಿರುವವರು ಯಾರು, ಅವನಿಂದ ಯಾರ ಮನೆಯ ಒಲೆ ಉರಿಯುತ್ತಿದೆ, ಅವನಿಲ್ಲದಿದ್ದರೆ ಯಾರ ಯಾವ ಕೆಲಸ ನಿಂತುಹೋಗುತ್ತದೆ ಎಂಬ ಪಟ್ಟಿಯನ್ನು ಮಾಡಿಸಿದ್ದರೆ ಮೊದಲ ದಿನದ ಬೆಳಗ್ಗೆ ವ್ಯರ್ಥವಾಗುತ್ತಿರಲಿಲ್ಲ.

ಊಟದ ನಂತರದ ಅವಧಿ ಅದಕ್ಕಿಂತ ಮೇಲಾಗಿತ್ತು. ನಿರ್ದೇಶಕರು ನಮೂನೆಯನ್ನು ಬದಿಗಿಟ್ಟು ಹಳಗನ್ನಡದ ಕಡೆಗೆ ಹೊರಳಿದಾಗ ಅವರ ನಿಜವಾದ ಶಕ್ತಿ ಹೊರಬಂತು. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪ, ಅರ್ಜುನನಲ್ಲಿ ತನ್ನ ಆಶ್ರಯದಾತ ಅರಿಕೇಸರಿಯನ್ನೇ ಕಂಡವನು. ಅಂಥ ಕವಿ ಮಹಾಭಾರತದ ಮಹಾವ್ಯಕ್ತಿಗಳನ್ನು ನೆನೆಯುವ ಪದ್ಯವನ್ನು ಪ್ರತಿಪಕ್ಷದ ನಾಯಕನಿಂದ, 'ಚಲದೊಳ್ ದುರ್ಯೋಧನಂ' ಎಂದು ಆರಂಭಿಸುತ್ತಾನೆ. ಅದೇ ಶತಮಾನದ ಕೊನೆಯ ಭಾಗದ ರನ್ನ ತನ್ನ ಗದಾಯುದ್ಧದಲ್ಲಿ ಇನ್ನೂ ಮುಂದೆ ಹೋಗಿ, ಸೋತ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ತಾಯಿಯ ಹಾಲನ್ನು ಮೊದಲು ತಾನುಂಡು ಆಮೇಲೆ ತಮ್ಮ ಉಂಡ ಕ್ರಮವನ್ನು ನೆನೆದು, ಸಾವಿನಲ್ಲಿ ಮಾತ್ರ ನೀನು ಮೊದಲಾದೆಯಲ್ಲ ಎಂದು ದುಶ್ಶಾಸನನ ಎದುರು ಮರುಗುವ ಅಣ್ಣನನ್ನು ನಾವು ಅಲ್ಲಿ ಕಾಣುತ್ತೇವೆ. ಶತ್ರುವಿನ ಮಗನಾದ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಪರಾಕ್ರಮವನ್ನು ಮನಸಾರೆ ಹೊಗಳುವ ಅರಸನನ್ನೂ ಅಲ್ಲಿಯೇ ಕಾಣುತ್ತೇವೆ. ಇಲ್ಲಿ ರನ್ನ ದುರ್ಯೋಧನನ ಬಾಲ್ಯದ ಗಾಯವೊಂದನ್ನು ಅಗೆದು ತೆಗೆದು ಅವನ ಪರ ವಕಾಲತ್ತು ನಡೆಸುವುದಿಲ್ಲ. ಅವನಿಗೆ ತಮ್ಮನಿದ್ದ, ಗೆಳೆಯನಿದ್ದ, ಮಗನಿದ್ದ, ಅವರೆಲ್ಲ ಅವನಿಗಾಗಿ ಸತ್ತರು ಎಂಬುದನ್ನು ತೋರಿಸುತ್ತಾನೆ, ಅಷ್ಟೇ. ಇಷ್ಟೊಂದು ಜನ ಯಾರಿಗಾಗಿ ಪ್ರಾಣ ಕೊಟ್ಟರೋ ಅವನು ಬರಿಯ ದುಷ್ಟನಾಗಿರಲು ಸಾಧ್ಯವೇ ಎಂಬ ಪ್ರಶ್ನೆ ಓದುಗನಲ್ಲಿ ತಾನಾಗಿ ಹುಟ್ಟುತ್ತದೆ.

ಅದೇ ಕಾವ್ಯದಲ್ಲಿ, ದುರ್ಯೋಧನ ಅಡಗಿದ್ದ ವೈಶಂಪಾಯನ ಸರೋವರದ ದಡದಿಂದ ಭೀಮ ಗರ್ಜಿಸಿದಾಗ 'ನೀರೊಳಗಿರ್ದುಂ ಬೆಮರ್ತನುರಗಪತಾಕಂ', ಅಂದರೆ ಹಾವಿನ ಬಾವುಟದ ಆ ಅರಸ ನೀರೊಳಗಿದ್ದೂ ಬೆವರಿದ, ಎಂಬ ಸಾಲು ಬರುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆಲ್ಲ ನೆನಪಿರುವ ಈ ಸಾಲನ್ನು ನಿರ್ದೇಶಕರು ಎರಡು ಬಗೆಯಲ್ಲಿ ಓದಿ ತೋರಿಸಿದರು: ಹೆದರಿ ಬೆವರಿದ ಎಂದು ಒಮ್ಮೆ, ಸಿಟ್ಟಿನಿಂದ ಬೆವರಿದ ಎಂದು ಇನ್ನೊಮ್ಮೆ. ಪದ್ಯ ಅವನ ಕಣ್ಣು ಕೋಪದಿಂದ ಕೆಂಪಾದುದನ್ನು ಹೇಳುತ್ತದೆ, ಮೈ ಮಾತ್ರ ಬೇರೆಯೇ ಏನನ್ನೋ ಹೇಳುವಂತಿದೆ. ಖಳನ ಮನಸ್ಸನ್ನು ಪುಟಗಟ್ಟಲೆ ಬಿಡಿಸಿ ಹೇಳುವ ಬದಲು ಅವನ ಮೈಯಿಂದ ಒಂದು ಸಾಕ್ಷಿ ನುಡಿಸಿದರೆ ಸಾಕು ಎಂಬ ಅವರ ಮಾತು ಟಿಪ್ಪಣಿ ಪುಸ್ತಿಕೆಯಲ್ಲಿ ಇಲ್ಲ, ಇರಬೇಕಿತ್ತು. ದುರದೃಷ್ಟವಶಾತ್, ಇದಾದ ಮೇಲೆ ಸಂಜೆಯ ಅವಧಿ ಸಿನಿಮಾ ಖಳರ ಚರ್ಚೆಗೆ ಹೋಯಿತು, ಎಲ್ಲರೂ ಉತ್ಸಾಹದಿಂದ ಮಾತಾಡಿದರು, ಬರವಣಿಗೆಗೆ ಒದಗುವಂಥದ್ದು ಬಹಳ ಸಿಗಲಿಲ್ಲ. ತೆರೆಯ ಮೇಲಿನ ಖಳನಿಗೆ ನಟನ ಕಣ್ಣು, ಕಂಠ, ಹಿನ್ನೆಲೆ ಸಂಗೀತಗಳ ನೆರವಿರುತ್ತದೆ. ಪುಟದ ಮೇಲಿನ ಖಳನಿಗೆ ವಾಕ್ಯಗಳ ಹೊರತು ಬೇರೆ ಆಸರೆಯಿಲ್ಲ.

ಎರಡನೆಯ ದಿನ ಯಕ್ಷಗಾನ ತಾಳಮದ್ದಳೆಯ ಒಬ್ಬ ಹಿರಿಯ ಅರ್ಥಧಾರಿಗಳನ್ನು ಕರೆಸಿದ್ದರು. ವರ್ಷದ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬಂದು ತಾಳಮದ್ದಳೆ ನಡೆಸುವ ರೂಢಿ ಹಳೆಯದು, ಆ ಅನುಕೂಲವನ್ನು ಸಂಘಟಕರು ಜಾಣತನದಿಂದ ಬಳಸಿಕೊಂಡಿದ್ದಾರೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು ಮುಗಿದೊಡನೆ ಅರ್ಥಧಾರಿ ಕೂತಲ್ಲಿಯೇ ತನ್ನ ಪಾತ್ರದ ಪರವಾಗಿ ಮಾತು ಕಟ್ಟಬೇಕು, ಎದುರಿನವರು ಏನು ಹೇಳುತ್ತಾರೆಂಬುದು ಮೊದಲೇ ಗೊತ್ತಿರುವುದಿಲ್ಲ. ಕೃಷ್ಣಸಂಧಾನದ ಕೌರವನ ಅರ್ಥವನ್ನು ಹಲವು ಬಾರಿ ಹೇಳಿರುವ ಈ ಹಿರಿಯರು ಆರಂಭದಲ್ಲಿಯೇ ಒಂದು ಮಾತು ಹೇಳಿದರು: ಆ ರಾತ್ರಿ ಕೌರವ ಸೋಲುತ್ತಾನೆಂದು ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿದೆ, ಆದರೂ ಅರ್ಧ ಗಂಟೆಯ ಮಟ್ಟಿಗಾದರೂ ಅವನೇ ಸರಿಯೇನೋ ಎಂದು ಅವರಿಗೆ ಅನಿಸದಿದ್ದರೆ ಕೃಷ್ಣನ ಪಾತ್ರಧಾರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಇದಕ್ಕೆ ಅವರು ಕೊಟ್ಟ ನಿದರ್ಶನ ಇಡೀ ಕಮ್ಮಟದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿತು. ಪಾಂಡವರ ಹದಿಮೂರನೆಯ ವರ್ಷದ ಅಜ್ಞಾತವಾಸ ಮುಗಿಯುವ ಮೊದಲೇ ಅರ್ಜುನ ವಿರಾಟನಗರದ ಗಡಿಯಲ್ಲಿ ಗುರುತು ಸಿಕ್ಕಿದ್ದಾನೆ, ಆದ್ದರಿಂದ ಒಪ್ಪಂದದಂತೆ ಅವರು ಮತ್ತೆ ಹನ್ನೆರಡು ವರ್ಷ ಕಾಡಿಗೆ ಹೋಗಬೇಕು ಎಂಬುದು ದುರ್ಯೋಧನನ ವಾದ. ಭೀಷ್ಮ ಲೆಕ್ಕ ಹಾಕಿ, ಐದು ವರ್ಷಗಳಿಗೆ ಎರಡು ಅಧಿಕ ಮಾಸಗಳು ಬರುವುದರಿಂದ ಹದಿಮೂರು ವರ್ಷಗಳಿಗೆ ಐದು ತಿಂಗಳು ಹನ್ನೆರಡು ದಿನ ಹೆಚ್ಚಾಗುತ್ತದೆ, ಗಡುವು ಮುಗಿದಿದೆ ಎಂದು ತೀರ್ಪು ಕೊಡುತ್ತಾನೆ. ಅರ್ಥಧಾರಿಗಳು ಕೌರವನ ದನಿಯಲ್ಲಿ ಇದಕ್ಕೆ ಉತ್ತರ ಕಟ್ಟಿದ ರೀತಿ ಹೀಗಿತ್ತು: ಜೂಜಿನ ದಿನ ಪಣ ಒಡ್ಡುವಾಗ ಅಧಿಕ ಮಾಸದ ಮಾತು ಬಂದಿತ್ತೇ, ಸೋತವರು ಯಾವ ಪಂಚಾಂಗ ಹಿಡಿಯಬೇಕೆಂದು ಗೆದ್ದವನನ್ನು ಕೇಳಿದ್ದರೇ, ಅಜ್ಜನ ಪಂಚಾಂಗಕ್ಕೆ ಮೊಮ್ಮಕ್ಕಳ ಮೇಲೆ ಇಷ್ಟು ಪ್ರೀತಿ ಇದ್ದಕ್ಕಿದ್ದಂತೆ ಬಂದುದು ಹೇಗೆ? ಸಭಾಂಗಣದಲ್ಲಿದ್ದವರೆಲ್ಲ ನಕ್ಕರು, ಆಮೇಲೆ ಮೌನವಾದರು, ಏಕೆಂದರೆ ಆ ವಾದದಲ್ಲಿ ತಕ್ಷಣಕ್ಕೆ ತೂತು ಕಾಣುತ್ತಿರಲಿಲ್ಲ. ದ್ರೌಪದಿಯ ಸೀರೆಗೆ ಕೈ ಹಾಕಿಸಿದವನು ಇಲ್ಲಿ ಕರಾರಿನ ಅಕ್ಷರವನ್ನು ಹಿಡಿದು ಮಾತಾಡುತ್ತಿದ್ದಾನೆ. ಕೇಡಿಗನಿಗೆ ಕಾನೂನು ಬಹಳ ಇಷ್ಟ ಎಂಬುದನ್ನು ಮುಂಬಯಿಯಲ್ಲಿ ಬಾಡಿಗೆ ಮನೆ ಹಿಡಿದ ಯಾರಿಗೂ ಬೇರೆ ಹೇಳಬೇಕಾಗಿಲ್ಲ.

ಅವರೇ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರದ ಬಗೆಗೂ ಸ್ವಲ್ಪ ಹೇಳಿದರು. ಅಕ್ಕಿಹಿಟ್ಟು ಸುಣ್ಣಗಳ ಮಿಶ್ರಣದಿಂದ ಮುಖದ ಮೇಲೆ ಚುಟ್ಟಿ ಇಡುತ್ತ ಗಂಟೆಗಟ್ಟಲೆ ಕೂತು ರಾಕ್ಷಸ ಸಿದ್ಧನಾಗುತ್ತಾನೆ, ತೆರೆಯ ಹಿಂದಿನಿಂದ ಅಬ್ಬರಿಸುತ್ತ ಬರುತ್ತಾನೆ. ಆದರೆ ರಂಗಪ್ರವೇಶದ ಒಡ್ಡೋಲಗದಲ್ಲಿ ಅವನು ಮಾಡುವುದು ಬೆಳಗಿನ ನಿತ್ಯಕರ್ಮ. ಸ್ನಾನ ಮಾಡುವುದನ್ನು, ವಿಭೂತಿ ಬಳಿದುಕೊಳ್ಳುವುದನ್ನು, ಶಿವಪೂಜೆಯನ್ನು ಅಭಿನಯಿಸಿ ತೋರಿಸುತ್ತಾನೆ. ಯಾರನ್ನೂ ಕೊಲ್ಲುವ ಮೊದಲು ರಾಕ್ಷಸನಿಗೂ ಒಂದು ದಿನಚರಿ ಇದೆ, ದೇವರಿದ್ದಾನೆ, ಅಲಂಕಾರದ ಆಸೆ ಇದೆ ಎಂಬುದನ್ನು ನಮ್ಮ ರಂಗಭೂಮಿ ಬಹಳ ಹಿಂದೆಯೇ ಕಂಡುಕೊಂಡಿತ್ತು. ಹಿಂದಿನ ದಿನದ ನಮೂನೆಯಲ್ಲಿ ಖಳನ ದಿನಚರಿಗೆ ಒಂದು ಸಾಲಿನ ಜಾಗವೂ ಇರಲಿಲ್ಲ.

ಅರ್ಥಧಾರಿಗಳ ಅವಧಿಯ ನಂತರ ಎಲ್ಲರೂ ತಮ್ಮ ತಮ್ಮ ಖಳನ ಪುಟವನ್ನು ತಿದ್ದಿ ಬರೆಯುವ ಅಭ್ಯಾಸವಿತ್ತು. ನಿಯಮ ಒಂದೇ: ಖಳ ಎದುರಿನವರಿಂದ ಏನನ್ನೋ ಪಡೆಯಬೇಕು, ಬೆದರಿಕೆಯ ಒಂದು ಶಬ್ದವನ್ನೂ ಆಡಬಾರದು, ಎದುರಿನವರು ಅವನ ಉಪಕಾರದಲ್ಲಿರಬೇಕು. ಇದರಿಂದ ಬಂದ ಬದಲಾವಣೆ ಅಚ್ಚರಿ ತರುವಂಥದ್ದು. ಹೋಟೆಲು ಉದ್ಯಮದಲ್ಲಿದ್ದ ಹಿರಿಯರೊಬ್ಬರ ಕತೆಯಲ್ಲಿ, ಊರಿನಿಂದ ಬಂದ ಮಾಣಿಯೊಬ್ಬನ ಸಂಬಳವನ್ನು ಧಣಿ ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತಾನೆ. ಮೊದಲ ದಿನದ ಪುಟದಲ್ಲಿ ಈ ಧಣಿ ಗಲ್ಲೆಯ ಮೇಲೆ ಕೂತು ಕಣ್ಣು ಕೆಂಪಗೆ ಮಾಡಿ ಬೈಯುತ್ತಿದ್ದ, ಅವನ ತಂದೆಯೂ ಅವನಿಗೆ ಹೊಡೆದಿದ್ದ. ಎರಡನೆಯ ದಿನದ ಪುಟದಲ್ಲಿ ಅದೇ ಧಣಿ ಹುಡುಗನನ್ನು ಫೋರ್ಟಿನ ರಾತ್ರಿ ಶಾಲೆಗೆ ತಾನೇ ಸೇರಿಸುತ್ತಾನೆ, ಜ್ವರ ಬಂದಾಗ ಗಂಜಿ ಮಾಡಿಸಿ ಕೊಡುತ್ತಾನೆ, ಸಂಬಳ ಕೇಳಿದಾಗ ಮಾತ್ರ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಾನೆ: "ನೀನು ಸಣ್ಣವ ಮಾರಾಯ, ಕೈಯಲ್ಲಿ ದುಡ್ಡಿದ್ರೆ ಈ ಊರು ಬಿಡುದಿಲ್ಲ. ನನ್ನ ಹತ್ರವೇ ಇರ್ಲಿ, ಊರಿಗೆ ಹೋಗುವಾಗ ಒಟ್ಟಿಗೆ ಕೊಡ್ತೇನೆ." ಓದಿ ಮುಗಿಸಿದಾಗ ಹಿಂದಿನ ಸಾಲಿನಲ್ಲಿದ್ದ ಇನ್ನೊಬ್ಬ ಹಿರಿಯರು, ಇದು ಖಳನೋ ಅಲ್ಲವೋ ತನಗೆ ತಿಳಿಯುತ್ತಿಲ್ಲ ಎಂದರು. ಕತೆಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ. ಹುಡುಗನೂ ಅದನ್ನೇ ತಿಳಿಯದೆ ತಾನೇ ಅಷ್ಟು ವರ್ಷ ಅಲ್ಲಿ ಉಳಿದದ್ದು.

ಡೊಂಬಿವಲಿಯಿಂದ ಬಂದಿದ್ದ ಶಿಕ್ಷಕಿಯೊಬ್ಬರು ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಪುನರಭಿವೃದ್ಧಿಯನ್ನು ಕುರಿತು ಬರೆಯುತ್ತಿದ್ದರು. ಸೊಸೈಟಿಯ ಸೆಕ್ರೆಟರಿ ಬಿಲ್ಡರನ ಕೈಗೊಂಬೆ, ಸದಸ್ಯರಿಂದ ಹೇಗಾದರೂ ಸಹಿ ಹಾಕಿಸಿಕೊಳ್ಳಬೇಕೆಂಬುದು ಅವನ ಹಟ. ಈ ವಸ್ತು ಮುಂಬಯಿಯ ಕನ್ನಡ ಕತೆಗಾರರಿಗೆ ಈಗ ಕೈಗೆ ಸಿಗುವಂತಿದೆ, ಹಾಗಾಗಿ ಸವಕಲಾಗುವ ಅಪಾಯವೂ ಇದೆ. ಅವರ ಕತೆಯನ್ನು ಮೇಲೆತ್ತಿದ್ದು ಒಂದು ಲೆಕ್ಕ. ಮಹಾರಾಷ್ಟ್ರ ಸರಕಾರ 2019ರ ಜುಲೈಯಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಹಕಾರಿ ಗೃಹ ಸೊಸೈಟಿಯ ಪುನರಭಿವೃದ್ಧಿಗೆ ಒಟ್ಟು ಸದಸ್ಯರಲ್ಲಿ ಶೇ. 51ರಷ್ಟು ಮಂದಿಯ ಒಪ್ಪಿಗೆ ಸಾಕು. ನಲವತ್ತು ಮನೆಗಳ ಸೊಸೈಟಿಯಲ್ಲಿ ಅದು 21 ಸಹಿ, ಅವನ ಕೈಯಲ್ಲಿರುವುದು 20. ಉಳಿದ ಒಂದು ಸಹಿ ನೆಲಮಹಡಿಯ ಒಂಟಿ ಅಜ್ಜಿಯದ್ದು. ಮೊದಲ ಬರಹದಲ್ಲಿ ಸೆಕ್ರೆಟರಿ ಅವರ ನೀರು ನಿಲ್ಲಿಸುತ್ತಿದ್ದ, ಬಾಗಿಲು ಬಡಿಯುತ್ತಿದ್ದ. ತಿದ್ದಿದ ಬರಹದಲ್ಲಿ ನೀರು ಬಾರದ ದಿನ ಟ್ಯಾಂಕರ್ ತರಿಸುವವನು ಅವನೇ, ಅಪರಾತ್ರಿಯಲ್ಲಿ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದವನು ಅವನೇ, ಪಿಂಚಣಿಯ ಕಾಗದ ತುಂಬಿ ಕೊಡುವವನೂ ಅವನೇ. ಅವನು ಬಾಗಿಲಲ್ಲಿ ನಿಂತು, "ಅಮ್ಮ, ನೀವು ಸಹಿ ಹಾಕದಿದ್ದರೂ ಅಡ್ಡಿಯಿಲ್ಲ. ಔಷಧಿ ಮುಗಿದಿದ್ದರೆ ಹೇಳಿ, ಸಂಜೆ ಬರುವಾಗ ತರ್ತೇನೆ," ಎನ್ನುತ್ತಾನೆ. ಆ ಮಾತಿನಲ್ಲಿ ಒರಟು ಶಬ್ದ ಒಂದೂ ಇಲ್ಲ. ಅಜ್ಜಿಗೆ ಮಾತ್ರ ಔಷಧಿ ತರುವವರು ಬೇರೆ ಯಾರೂ ಇಲ್ಲವೆಂಬುದು ಮನದಟ್ಟಾಗುತ್ತದೆ. ಅವನಿಗೆ ಕಾನೂನು ಮುರಿಯುವ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ಕೌರವನ ಅಧಿಕ ಮಾಸದ ವಾದ ನೆನಪಾದದ್ದು ನನಗೊಬ್ಬನಿಗೇ ಅಲ್ಲ, ಅರ್ಥಧಾರಿಗಳೂ ತಲೆಯಾಡಿಸುತ್ತಿದ್ದರು.

ಭಾಷೆಯ ಕುರಿತ ಮಧ್ಯಾಹ್ನದ ಅವಧಿಯೂ ಈ ಊರಿಗೆ ತಕ್ಕುದಾಗಿತ್ತು. ಮುಂಬಯಿಯ ಕನ್ನಡಿಗ ಖಳ ಒಂದೇ ಭಾಷೆಯಲ್ಲಿ ಖಳನಾಗಿರುವುದಿಲ್ಲ. ಆ ಹೋಟೆಲಿನ ಧಣಿ ಹುಡುಗನನ್ನು ಒಲಿಸಿಕೊಳ್ಳುವುದು ತುಳುವಿನಲ್ಲಿ, ಲೆಕ್ಕ ಹೇಳುವುದು ಕನ್ನಡದಲ್ಲಿ, ಗದರಿಸುವುದು ಹಿಂದಿಯಲ್ಲಿ, ಮಹಾನಗರ ಪಾಲಿಕೆಯ ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುವುದು ಮರಾಠಿಯಲ್ಲಿ. ಎಲ್ಲವನ್ನೂ ಗ್ರಾಂಥಿಕ ಕನ್ನಡದಲ್ಲಿ ಬರೆದರೆ ಅವನ ನಾಲ್ಕು ಮುಖಗಳು ಒಂದಾಗಿ ಹೋಗುತ್ತವೆ. ಎಲ್ಲವನ್ನೂ ಆಡಿದಂತೆಯೇ ಬರೆದರೆ ಧಾರವಾಡದ ಓದುಗನಿಗೆ ಅರ್ಥವಾಗುವುದಿಲ್ಲ. ಯಾವ ಮಾತನ್ನು ಯಾವ ಭಾಷೆಯಲ್ಲಿ ಆಡಿದನೆಂದು ನಿರೂಪಕ ಒಂದು ಪದದಲ್ಲಿ ಹೇಳಿ ಮುಂದೆ ಸಾಗಬಹುದು, ಭಾಷೆ ಬದಲಾದ ಕ್ಷಣವನ್ನು ಮಾತ್ರ ಓದುಗ ಗಮನಿಸುವಂತೆ ಮಾಡಬೇಕು ಎಂಬ ಸಲಹೆ ಸರಳವಾದರೂ ಕೆಲಸಕ್ಕೆ ಬರುವಂಥದ್ದು. ಅದುವರೆಗೆ ತುಳುವಿನಲ್ಲಿ ಮಾತಾಡುತ್ತಿದ್ದ ಧಣಿ ಇದ್ದಕ್ಕಿದ್ದಂತೆ ಹಿಂದಿಗೆ ಹೊರಳಿದರೆ ಹುಡುಗ ಅಲ್ಲಿಯೇ ತಣ್ಣಗಾಗುತ್ತಾನೆ.

ಬಿಟ್ಟುಹೋದ ಸಂಗತಿಗಳು ಕೆಲವಿವೆ. ಎರಡು ದಿನಗಳಲ್ಲಿ ಖಳಸ್ತ್ರೀಯರ ಬಗೆಗೆ ಬಂದದ್ದು ಅತ್ತೆಯ ಪಾತ್ರದ ಒಂದು ಉಲ್ಲೇಖವಷ್ಟೇ. ಅದೂ ತಮಾಷೆಯ ಧಾಟಿಯಲ್ಲಿ. ಮುಂಬಯಿಯಲ್ಲಿ ಇಂಥ ಕಮ್ಮಟ ನಡೆಸುವಾಗ ಯಶವಂತ ಚಿತ್ತಾಲರ ಶಿಕಾರಿಯನ್ನು ಮುಟ್ಟದೆ ಹೋದುದು ಅದಕ್ಕಿಂತ ದೊಡ್ಡ ಲೋಪ. 1979ರ ಆ ಕಾದಂಬರಿಯಲ್ಲಿ ಇದೇ ಊರಿನ ಕಂಪನಿಯೊಂದರ ಅಧಿಕಾರಿ ನಾಗಪ್ಪನ ಸುತ್ತ ಸಂಚು ಹೆಣೆಯಲ್ಪಡುತ್ತದೆ, ಮತ್ತು ಆ ಸಂಚಿನಲ್ಲಿ ಎಷ್ಟು ಹೊರಗಿನದು, ಎಷ್ಟು ಅವನ ಭಯ ಕಟ್ಟಿಕೊಂಡದ್ದು ಎಂಬ ಗೊಂದಲದಲ್ಲಿಯೇ ಓದುಗನೂ ಉಳಿಯುತ್ತಾನೆ. ಒಬ್ಬ ಮನುಷ್ಯನಲ್ಲಿ ನೆಲೆಗೊಳ್ಳದೆ ಕಚೇರಿಯ ಕಾಗದಗಳಲ್ಲಿ, ಸಹೋದ್ಯೋಗಿಗಳ ನಗುವಿನಲ್ಲಿ ಹಂಚಿಹೋಗಿರುವ ಕೇಡನ್ನು ಬರೆಯುವುದು ಹೇಗೆಂಬುದು ಸೊಸೈಟಿ, ಬ್ಯಾಂಕು, ಕಂಪನಿಗಳ ನಡುವೆ ಬದುಕುವ ನಮ್ಮ ಕತೆಗಾರರಿಗೆ ಬೇಕೇ ಬೇಕಾದ ಪಾಠ. ಸಿನಿಮಾ ಚರ್ಚೆಯ ಅವಧಿಯನ್ನು ಇದಕ್ಕೆ ಕೊಡಬಹುದಿತ್ತು.

ವ್ಯವಸ್ಥೆಯ ಬಗೆಗೆ ಹೆಚ್ಚು ಹೇಳುವುದಿಲ್ಲ. ಊಟ ಚೆನ್ನಾಗಿತ್ತು, ಮಾಟುಂಗದಲ್ಲಿ ಊಟ ಕೆಡುವುದು ಕಷ್ಟ. ಹಳಿ ದುರಸ್ತಿಗಾಗಿ ಲೋಕಲ್ ರೈಲುಗಳನ್ನು ತಡೆಯುವ ಭಾನುವಾರದ ಮೆಗಾಬ್ಲಾಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಒಂಬತ್ತು ಗಂಟೆಗೆ ಆರಂಭವೆಂದು ಹೇಳಿದ್ದರಿಂದ ಕಲ್ಯಾಣ, ಡೊಂಬಿವಲಿ, ಪನವೇಲಿನ ಕಡೆಯವರು ಅರ್ಥಧಾರಿಗಳ ಮೊದಲ ಭಾಗವನ್ನು ಕಳೆದುಕೊಂಡರು. ಪಶ್ಚಿಮ ಮಾರ್ಗದವರು ಮಾಟುಂಗ ರೋಡಿನಲ್ಲಿ ಇಳಿದು ಸೇತುವೆ ದಾಟಿ ಬಂದರೆ ಸಾಕೆಂದು ಆಹ್ವಾನ ಪತ್ರಿಕೆಯಲ್ಲಿ ಹೇಳಿದ್ದು ಉಪಕಾರವಾಯಿತು. ಟಿಪ್ಪಣಿ ಪುಸ್ತಿಕೆಯನ್ನು ಹಳೆಯ 'ನುಡಿ' ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರಗಳು ದಿಕ್ಕಾಪಾಲಾಗಿವೆ. ರನ್ನನ ಪದ್ಯಗಳನ್ನು ಹಾಗೆ ಮುದ್ರಿಸಿ ಹಂಚಿದ್ದು ಅಕ್ಷಮ್ಯ. ಒಮ್ಮೆ ಕರಡು ತಿದ್ದಲು ಬಲ್ಲವರಿಗೆ ಕೊಟ್ಟಿದ್ದರೆ ಅರ್ಧ ದಿನದ ಕೆಲಸ.

ಕತೆ ಓದಿ ಅಭಿಪ್ರಾಯ ಕಳುಹಿಸುವ ಸೇವೆಯನ್ನು ಮಾತ್ರ ಮೆಚ್ಚಲೇಬೇಕು. ಇಂಥ ಭರವಸೆಗಳು ಸಾಮಾನ್ಯವಾಗಿ ಪ್ರಮಾಣಪತ್ರದ ಜೊತೆಗೇ ಮರೆತುಹೋಗುತ್ತವೆ. ಇಲ್ಲಿ ಹೇಳಿದ ಗಡುವಿನೊಳಗೆ ಉತ್ತರ ಬಂತು. ಉದ್ದದ ವಿಮರ್ಶೆಯೇನಲ್ಲ, ಕತೆಯ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನಲ್ಲಿ ಬರೆದ ಪ್ರಶ್ನೆಗಳು. ನನ್ನ ಕತೆಯಲ್ಲಿರುವ ಚಿನ್ನದ ಅಡವಿನ ಮೇಲೆ ಸಾಲ ಕೊಡುವವನು ಮೊದಲ ಬಾರಿಗೆ ಸುಳ್ಳು ಹೇಳುವ ಜಾಗದಲ್ಲಿ, ಈ ಸುಳ್ಳಿನಿಂದ ಇವನಲ್ಲದೆ ಇನ್ಯಾರಿಗೆ ಲಾಭ ಎಂದು ಕೇಳಿದ್ದಾರೆ. ಅವನು ಪಶ್ಚಾತ್ತಾಪ ಪಡುವ ಕಡೆ ಒಂದು ಗೆರೆ ಎಳೆದು, ಅವನ ಹೆಂಡತಿಗೆ ಇದೆಲ್ಲ ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಿದ್ದಾರೆ. ಬಾಲ್ಯದ ಬಗೆಗೆ ಒಂದು ಪ್ರಶ್ನೆಯೂ ಇಲ್ಲ. ಕಮ್ಮಟದ ಮೊದಲ ಬೆಳಗ್ಗೆ ಪಾಠ ಮಾಡಿದವರೇ ಇದನ್ನೂ ಬರೆದವರು ಎನ್ನುವುದರಿಂದ, ಅವರಿಗೆ ತಿಳಿದಿರುವುದು ಅವರ ನಮೂನೆಗಿಂತ ಬಹಳ ಹೆಚ್ಚು ಎಂದು ನಾನು ಭಾವಿಸುತ್ತೇನೆ.

ಕೈಯಲ್ಲಿ ಒಂದು ಕತೆಯ ಕರಡು ಇರುವವರು, ಅದರ ಖಳ ಬರಿಯ ಗದ್ದಲ ಮಾಡುತ್ತಿದ್ದಾನೆಂಬ ಅನುಮಾನ ಇರುವವರು ಈ ಕಮ್ಮಟಕ್ಕೆ ಹೋಗಬಹುದು, 1,800 ರೂಪಾಯಿ ದುಬಾರಿಯಲ್ಲ. ಇನ್ನೂ ಬರೆಯಲು ಆರಂಭಿಸದವರಿಗೆ ಅಷ್ಟು ಪ್ರಯೋಜನವಾಗಲಾರದು. ಎರಡನೆಯ ದಿನಕ್ಕೆ ಮಾತ್ರ ಹೆಸರು ಕೊಡುವ ಅವಕಾಶವಿದೆಯೇ ಎಂದು ವಿಚಾರಿಸಿದ್ದಕ್ಕೆ ಇಲ್ಲವೆಂದು ಉತ್ತರ ಬಂದಿದೆ. ಮುಂದಿನ ಕಮ್ಮಟವನ್ನು ದೀಪಾವಳಿ ಕಳೆದ ಮೇಲೆ ಠಾಣೆಯಲ್ಲಿ ನಡೆಸುವ ಆಲೋಚನೆ ಇದೆಯಂತೆ. ಆ ಹೊತ್ತಿಗೆ ಕರಾವಳಿಯ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ, ಕಲಾವಿದರಿಗೆ ರಾತ್ರಿಯೆಲ್ಲ ಆಟವಿರುತ್ತದೆ. ಆದ್ದರಿಂದ ಹಣ ಕಟ್ಟುವ ಮೊದಲು ಅರ್ಥಧಾರಿಗಳು ಬರುತ್ತಾರೆಯೇ ಎಂಬುದನ್ನು ಸಂಘಟಕರಿಂದ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.